ಒಂದು ಸೆಂಟಿನ ಮಾಲು

ಸ್ಕ್ಯಾನರು ಒಮ್ಮೆ ಕುಯ್ ಎಂದರೆ
ಇನ್ನೂ ಮಾರಾಟಕ್ಕಿದೆ.
ಎರಡು ಸಲ ಎಂದರೆ ಲೆಕ್ಕದಿಂದ ಇಳಿದಿದೆ;
ಬೆಲೆಯ ಜಾಗದಲ್ಲಿ ಸೊನ್ನೆ, ಚುಕ್ಕೆ, ಸೊನ್ನೆ, ಒಂದು.

ಒಂದು ಸೆಂಟು.
ಆ ಕೆಂಪು ಬಿಲ್ಲೆಯನ್ನೇ ಕೆನಡಾ ಕೈಬಿಟ್ಟು ಕಾಲವಾಯಿತು.
ಇಲ್ಲದ ನಾಣ್ಯದಲ್ಲಿ ಬೇಡದ ಮಾಲಿಗೆ ಬೆಲೆ!
ರೈಮೋ ಇದನ್ನು ಪ್ರತಿ ರಾತ್ರಿ ಹೇಳುತ್ತಾನೆ,
ಪ್ರತಿ ರಾತ್ರಿ ತಾನೇ ನಗುತ್ತಾನೆ.

ಥಂಡರ್ ಬೇ. ಫೆಬ್ರವರಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಸರಕಿನ ಬಾಗಿಲ ಸಂದಿಯಲ್ಲಿ
ಹೆಪ್ಪುಗಟ್ಟಿದ ಸರೋವರದ ಗಾಳಿ ತೆಳುವಾಗಿ ಸೀಟಿ ಹಾಕುತ್ತದೆ.
ಏಳೂವರೆಗೆ ಲಾರಿ, ಹನ್ನೆರಡು ಪ್ಯಾಲೆಟ್ ಫೋನ್ ಕವರು.
ಅಷ್ಟರೊಳಗೆ ಹಿಂಗೋಣೆಯ ಆರನೆಯ ಸಾಲು ಖಾಲಿಯಾಗಬೇಕು.

ಏನೇನಿತ್ತು ಅಂತೀರಿ.
ಕ್ಯಾಸೆಟ್ಟಿನ ತಲೆ ಒರೆಸುವ ದ್ರಾವಣ, ನಲವತ್ತು ಸೀಸೆ,
ಮುಚ್ಚಳ ಬಿಚ್ಚದೆಯೇ ಆವಿಯಾಗಿ ಬರೀ ಸೀಸೆ.
ಎರಡನೆಯ ಭಾಗ ಮಾತ್ರ ಉಳಿದ ಡಿವಿಡಿಗಳು;
ಮೊದಲನೆಯದನ್ನು ಕೊಂಡವರು ಕಥೆ ಮುಗಿಯಿತೆಂದುಕೊಂಡರೇನೋ.
ಗುಂಡಿ ಒತ್ತಿದರೆ ಮಾತಾಡುವ ಬೊಂಬೆಗಳು.
ಪೆಟ್ಟಿಗೆಗೆ ಕೈ ತಾಗಿದ್ದೇ ತಡ
ಒಂದು, ಸೋತ ಬ್ಯಾಟರಿಯ ಗೊಗ್ಗರು ದನಿಯಲ್ಲಿ,
ಬಾ ಆಡೋಣ ಎಂದಿತು.
ಕೇಡನ್‌ಗೆ ಹತ್ತೊಂಬತ್ತು. ಬೆಚ್ಚಿಬಿದ್ದ,
ಆಮೇಲೆ ಬೆಚ್ಚಿದ್ದಕ್ಕೆ ಸಿಟ್ಟಾಗಿ
ಅದರ ಹೊಟ್ಟೆಯ ತಿರುಪು ಬಿಚ್ಚಿದ.

ನಿಯಮ ಗೋಡೆಯ ಮೇಲಿದೆ:
ಮನೆಗೆ ಒಯ್ಯುವಂತಿಲ್ಲ. ಕೊಳ್ಳುವಂತಿಲ್ಲ. ದಾನ ಕೊಡುವಂತಿಲ್ಲ.
ಡಿಸ್ಕುಗಳ ಮೇಲೆ ಕತ್ತಿಯಿಂದ ಅಡ್ಡಗೆರೆ ಎಳೆದು
ಒತ್ತುಯಂತ್ರಕ್ಕೆ ಹಾಕಬೇಕು.
ನೂರು ಗೆರೆ ಎಳೆದ ಮೇಲೆ ಮಣಿಕಟ್ಟು ನೋಯುತ್ತದೆ.
ಇನ್ನೂರರ ಮೇಲೆ ಏನೂ ಅನ್ನಿಸುವುದಿಲ್ಲ.

ಮೂಲೆಯಲ್ಲಿ ರಟ್ಟಿನ ನಾಯಕ ನಿಂತಿದ್ದ.
ಯಾವ ಸಿನಿಮಾದವನೋ, ತಲೆ ಎಂದೋ ಹರಿದಿತ್ತು,
ಹೆಸರೂ ತಲೆಯ ಜೊತೆಗೇ ಹೋಯಿತು.
ಪಿಸ್ತೂಲು ಹಿಡಿದು ಚಾಚಿದ ಕೈಗೆ
ಹಿಂದಿನಿಂದ ಪೊರಕೆಕೋಲು ಕಟ್ಟಿ ಗಟ್ಟಿಮಾಡಿದ್ದ ರೈಮೋ;
ಒಂಬತ್ತು ಚಳಿಗಾಲ ನಮ್ಮ ಜಾಕೆಟ್ಟು ಹೊತ್ತವನು.
ಯಂತ್ರದ ಬಾಯಿಗೆ ಅಡ್ಡ ಸಿಕ್ಕಿಕೊಂಡ.
ರೈಮೋ ಫಿನ್ನಿಷ್‌ನಲ್ಲಿ ಏನೋ ಅಂದು,
ಬೈಗುಳವೋ ಬೀಳ್ಕೊಡುಗೆಯೋ,
ಮೊಣಕಾಲಿನಿಂದ ಒತ್ತಿದ.

ಆರು ದಾಟಿತ್ತು. ಕಟ್ಟಕಡೆಯ ಅಟ್ಟಣಿಗೆಯ ಹಿಂದೆ
ರಬ್ಬರ್ ಬ್ಯಾಂಡು ಕರಗಿ ಅಂಟಿದ ಒಂದು ವಿಡಿಯೋ ಕ್ಯಾಸೆಟ್ಟು:
ಮನೆಯಲ್ಲೇ ಅಕಾರ್ಡಿಯನ್, ಪಾಠ ಒಂದರಿಂದ ಎಂಟು.
ಸುತ್ತ ಹಳದಿ ಚೀಟಿ.
ಪರಸ್ಕೇವಿಯಾ ಹ್ನಾಟ್ಯುಕ್. ಪೂರ್ತಿ ಹಣ ಸಂದಿದೆ. ನವೆಂಬರ್ ೧೯೯೮.
ಫೋನ್ ಮಾಡಿದೆ, ಎತ್ತಲಿಲ್ಲ.
ಫೋನ್ ಮಾಡಿದೆ, ಎತ್ತಲಿಲ್ಲ.
ಮಾಡಿದೆ. ಇಲ್ಲ.

ಅಕ್ಷರ ನನ್ನದೇ.
ನಂಬರಿನ ಸೊನ್ನೆಯೊಳಗೆ ನಗುಮುಖ ಬರೆಯುತ್ತಿದ್ದ ವಯಸ್ಸು.
ಆ ಹೆಂಗಸಿನ ಮುಖ ಮಾತ್ರ ನೆನಪಾಗಲಿಲ್ಲ,
ಸುಳ್ಳು ಯಾಕೆ ಹೇಳಲಿ.

ಸ್ಕ್ಯಾನರು ಹಿಡಿದೆ.
ಒಂದು ಸಲವೂ ಕುಯ್ ಅನ್ನಲಿಲ್ಲ.
ಮಾರಿಹೋದದ್ದು, ಎಂದ ರೈಮೋ, ನಮ್ಮದಲ್ಲ.
ನಮ್ಮದಲ್ಲದ್ದನ್ನು ಕೊಯ್ಯಿರಿ ಎಂದು
ಆ ಗೋಡೆಯ ಮೇಲೆ ಎಲ್ಲಿ ಬರೆದಿದೆ, ತೋರಿಸು.

ಚೀಟಿಯಲ್ಲಿ ಏಳೇ ಅಂಕಿ. ಈಗ ಹತ್ತು ಬೇಕು.
ಮುಂದಿನ ಮೂರನ್ನು ಕೇಡನ್ ತಾನೇ ಸೇರಿಸಿ ಒತ್ತಿದ.
ಟೈರಿನ ಅಂಗಡಿ. ಯಾರೋ ಆಕಳಿಸುತ್ತ,
ಬಾಗಿಲು ತೆಗೆದಿಲ್ಲ ಇನ್ನೂ, ಎಂಟಕ್ಕೆ ಬನ್ನಿ, ಎಂದರು.
ಸರಿ, ಎಂದ ಕೇಡನ್,
ನಿಜವಾಗಿಯೂ ಹೋಗುವವನ ಹಾಗೆ.

ಗುಡಿಸಿದ ಸಾಲಿನ ನಡುವಿನ ಹಲಗೆಯಲ್ಲಿ ಈಗ ಅದೊಂದೇ.

ಲಾರಿ ಹಿಂದಕ್ಕೆ ಬರುತ್ತಿತ್ತು.
ಹೊರಗೆ ನಿಂತು ಕೈಬೀಸಿ ದಾರಿ ತೋರಿಸಿ
ಒಳಬಂದು ಜಾಕೆಟ್ಟು ಕಳಚಿದೆ,
ನೋಡದೆ ಮೂಲೆಯತ್ತ ಚಾಚಿ ಬಿಟ್ಟೆ.
ನೆಲಕ್ಕೆ ಬಿತ್ತು.
ಕೇಡನ್ ಅದನ್ನು ನೋಡಿದ.
ತನ್ನದನ್ನು ತೊಟ್ಟುಕೊಂಡೇ
ಮೊದಲ ಪ್ಯಾಲೆಟ್ಟಿಗೆ ಕೈಹಾಕಿದ.