ಕಳ್ಳಜೇಬು

ಕೌಲ್‌ಬಜಾರಿನ ಈ ಸಂದಿಯಲ್ಲಿ ಎಲ್ಲರೂ ಜೀನ್ಸ್ ಹೊಲಿಯುವವರು,
ಹೆಬ್ಬೆರಳಿನ ಉಗುರು ವರ್ಷಪೂರ್ತಿ ನೀಲಿ.
ನಾನೊಬ್ಬ ಮಾತ್ರ ರಾತ್ರಿ, ಮಾಲು ಕಟ್ಟಿಟ್ಟ ಮೇಲೆ,
ಜಾದೂಗಾರರ ಕೋಟು ಹೊಲಿಯುತ್ತೇನೆ.

ಹೊರಗಿನಿಂದ ನೋಡಿದರೆ ಮದುವೆ ಕೋಟು.
ಒಳಗೆ ಹದಿನಾಲ್ಕು ಜೇಬು:
ಪಾರಿವಾಳಕ್ಕೊಂದು, ಇಸ್ಪೀಟಿಗೆ ಎರಡು,
ಮೊಟ್ಟೆಗೆ ಉಣ್ಣೆಯ ಒಳಪದರಿನದು,
ಬೀಡಿಗೊಂದು. ಅದು ಜಾದೂಗಾರನ ಸ್ವಂತಕ್ಕೆ.

ತೆಕ್ಕಲಕೋಟೆಯ ಹುಲುಗಪ್ಪ
(ಬೋರ್ಡಿನ ಮೇಲೆ ಪ್ರೊಫೆಸರ್ ಹುಲುಗಪ್ಪ)
ಒಂದು ಬೇಸಿಗೆ ಹಳೇ ಪೇಪರು ಕತ್ತರಿಸಿ ತಂದ.
ಬಾಳೆಎಲೆಯ ತುದಿಯಂಥ ಆಕಾರ, ಬಾಯಿಗೆ ಒಂದು ಮಡಿಕೆ.
"ತುಂಬಿದ ಲೋಟ ಇದರೊಳಗ ಹೋಗಬೇಕು ದಸ್ತಗಿರಿ,
ಒಂದು ಹನಿ ಹೊರಗ ಬೀಳಬಾರದು.
ಮೂರು ವರ್ಷ ತಗೊಂಡೀನಿ ಇದಕ್ಕ.
ಸಾಲಿ ಸಾಲಿಯೊಳಗ ಅಂಗಿ ತೋಯಿಸಿಕೊಂಡೀನಿ."
ಹೊಲಿದೆ. ಏಳು ಸಲ ಬಿಚ್ಚಿದೆ.
ಎಂಟನೆಯ ಸಲ ಲೋಟ ಹೋಯಿತು, ನೀರು ಹೋಯಿತು,
ಇಬ್ಬರೂ ಬಗ್ಗಿ ನೆಲ ತಡವಿದೆವು: ಬರೀ ಧೂಳು.
ಆ ರಾತ್ರಿ ಮಿರ್ಚಿ ಮಂಡಕ್ಕಿ ಅವನ ಲೆಕ್ಕ.
ಪೇಪರನ್ನು ನನ್ನ ಗಲ್ಲೆಯೊಳಗೇ ಬಿಟ್ಟುಹೋದ.
ಇನ್ನೊಬ್ಬರಿಗೆ ಹೊಲಿಬ್ಯಾಡ ಎನ್ನಲಿಲ್ಲ.
ಅದು ಹೇಳಬೇಕಾದ ಮಾತೆಂದು ಅವನಿಗೆ ಹೊಳೆದೇ ಇರಲಿಲ್ಲ.

ಕರೆಂಟು ಕೈಕೊಟ್ಟ ತಿಂಗಳು. ವಾಷಿಂಗ್ ಘಟಕ ಮುಚ್ಚಿ
ಮೋರಿಯ ನೀರು ಮೊದಲ ಸಲ ನೀರಿನ ಬಣ್ಣಕ್ಕೆ ಬಂದಿತ್ತು.
ಕುರುಗೋಡಿನ ಹುಡುಗ ತಿಪ್ಪೇಶಿ ಬಂದು
"ಲೋಟದ ಜೇಬು ಐತಂತಲ್ಲ" ಎಂದ.
ಎಂಟುನೂರು ಎಂದೆ. ಎಣಿಸಿಕೊಟ್ಟ.
"ಹಾಕ್ಕೊಂಡರ ಸಾಕು, ತಾನ ಆಗತೈತಿ" ಅಂತಲೂ ಹೇಳಿದೆ.
ಅದು ಎರಡನೆಯ ಸುಳ್ಳು.
ಮೊದಲನೆಯದನ್ನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ,
ಜೇಬು ನನ್ನದು ಎನ್ನುವುದನ್ನು.

ಕಂಪ್ಲಿಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ
ತಿಪ್ಪೇಶಿ ಲೋಟ ಮಾಯ ಮಾಡಲು ಹೋದ.
ಪ್ಯಾಂಟು ಮೊಣಕಾಲಿನವರೆಗೆ ತೋಯ್ದು
ಮಕ್ಕಳು ಬೇರೆಯೇ ಅರ್ಥ ಮಾಡಿಕೊಂಡರು.
ಹುಲುಗಪ್ಪ ಅಲ್ಲೇ ಇದ್ದ, ಮುಂದಿನ ಐಟಂ ಅವನದು.
ತನ್ನ ಕೋಟು ಬಿಚ್ಚಿ ಹುಡುಗನ ಸೊಂಟಕ್ಕೆ ಸುತ್ತುವಾಗ
ಒದ್ದೆ ಕೋಟಿನೊಳಗೆ ಕಣ್ಣು ಹೋಯಿತಂತೆ:
ಜೇಬಿನ ಬಾಯಿಗೆ ಹಳದಿ ದಾರದ ಮೂರು ಗಂಟು.
ಬಳ್ಳಾರಿಯಲ್ಲಿ ಹಾಗೆ ಗಂಟು ಹಾಕುವವನು ನಾನೊಬ್ಬನೇ.
ಅವತ್ತು ಬರೀ ಅಂಗಿಯಲ್ಲೇ ಆಟ ಮುಗಿಸಿದನಂತೆ.

ಮರುದಿನ ಬಂದ. ಬೈಗುಳಕ್ಕೆ ಬೆನ್ನೊಡ್ಡಿ ಕೂತೆ.
"ವೇದಿಕೆ ಮ್ಯಾಲ ನಾ ಸುಳ್ಳು ಹೇಳತೀನಂತ
ಅವರಿಗೆ ಗೊತ್ತಿರತೈತಿ. ಅದಕ್ಕ ಚಪ್ಪಾಳಿ" ಎಂದ, ಅಷ್ಟೆ.
ಗಲ್ಲೆಯಿಂದ ಪೇಪರು ತೆಗೆದು, ನಾಲ್ಕು ಮಡಿಚಿ,
ಬೀಡಿಯ ಜೇಬಿಗೆ ಇಟ್ಟುಕೊಂಡು ಹೋದ.
ಎಂಟುನೂರು ಚಾಚಿದ್ದೆ. ನೋಡಲಿಲ್ಲ.
ತಿಪ್ಪೇಶಿಗೆ ಭಾನುವಾರ ಕಲಿಸುತ್ತಿದ್ದಾನಂತೆ ಈಗ,
ಖಾಲಿ ಲೋಟದಲ್ಲಿ.

ಗಿರಾಕಿ ಬಂದರೆ ಮೊದಲೇ ಹೇಳುತ್ತೇನೆ:
ಈ ಕೋಟು ನಲವತ್ತು ಸಲ ನಿಮ್ಮ ಮಾನ ಕಳೆಯುತ್ತದೆ.
ಈ ಪಾರಿವಾಳದ ಜೇಬು ಮಾನ್ವಿಯ ಖಾದರಬೀಯದು,
ಆಕೆಯನ್ನು ಕೇಳಿ ಬನ್ನಿ.
ಈ ಇಸ್ಪೀಟಿನದು ತಾತಂದಿರ ಕಾಲದ್ದು, ಹೊಲಿಗೆಯ ದುಡ್ಡು ಕೊಟ್ಟರೆ ಸಾಕು.
ಅರ್ಧ ಜನ ಎದ್ದುಹೋಗುತ್ತಾರೆ.
ಹೆಂಡತಿ ಏನೂ ಅನ್ನುವುದಿಲ್ಲ,
ಪೆಡಲು ಮಾತ್ರ ಜೋರಾಗಿ ತುಳಿಯುತ್ತಾಳೆ.

ಹೋದ ವಾರ ಗುಂತಕಲ್ಲಿನ ವ್ಯಾಪಾರಿಯೊಬ್ಬ
ಲೋಟದ ಜೇಬು ಮುನ್ನೂರು ಬೇಕೆಂದ.
ಅಡ್ವಾನ್ಸಿನ ಕಟ್ಟು ಮೇಜಿನ ಮೇಲೆ.
ಪೇಪರಿಲ್ಲ ಎಂದೆ. ಅದು ನಿಜ.
"ನೆನಪಾದರೂ ಇರಬೇಕಲ್ಲ?"
ಏಳು ಸಲ ಬಿಚ್ಚಿದ ಕೈ ಮರೆಯುತ್ತದೆಯೆ?
ನಿದ್ದೆಯಲ್ಲೂ ಬೆರಳು ಆ ಮಡಿಕೆ ತಿರುಗುತ್ತವೆ.

ಎರಡೂ ಅಂಗೈ ಎತ್ತಿ ತೋರಿಸಿದೆ,
ಮುಂದೆ, ಹಿಂದೆ, ಬೆರಳು ಬಿಡಿಸಿ,
ಅವರು ತೋರಿಸುವ ಹಾಗೆಯೇ:
ನೋಡಿ, ಏನೂ ಇಲ್ಲ.

ಆತ ಅಂಗೈ ನೋಡಲಿಲ್ಲ.
ನನ್ನ ತೋಳನ್ನೇ ನೋಡುತ್ತ ಕೂತ.
ಚಹಾ ತರಿಸಿದೆ.