ಸ್ಟ್ರೆಂಚಿಯಿಂದ ಮೂರೂ ಇಪ್ಪತ್ತರ ಗಾಡಿ

ಎರಡೇ ಬೋಗಿ. ಡೀಸೆಲ್ ವಾಸನೆ.
ಹತ್ತಿದವರು ನಾಲ್ಕು ಜನ, ನನ್ನನ್ನೂ ಸೇರಿಸಿ.
ಮೆಟ್ಟಿಲ ಮೇಲೆ ಬೂಟು ಒದರಿ ಬಂದರೂ
ಅಂಟಿಕೊಂಡೇ ಉಳಿದ ಹಿಮ
ನೆಲದಲ್ಲಿ ಕರಗಿ, ಗೇಣಗಲದ ಕೆರೆಗಳಾಗಿ
ಗಾಡಿ ವಾಲಿದತ್ತ ಹರಿಯುತ್ತದೆ.

ಇವತ್ತು ವಿಶೇಷವೇನೂ ಇಲ್ಲ.
ಗುರುವಾರ. ಸೊನ್ನೆಗಿಂತ ಒಂಬತ್ತು ಕೆಳಗೆ.
ಸೂರ್ಯ ಎದ್ದಿದ್ದನೋ ಇಲ್ಲವೋ
ಯಾರೂ ವಿಚಾರಿಸಲಿಲ್ಲ.

ಚೀಲದಲ್ಲಿ ನನ್ನ ಸಾಮಾನು:
ಪಿಯಾನೋದ ಗೂಟ ತಿರುಗಿಸುವ ಕೀಲಿ, ಉಣ್ಣೆಪಟ್ಟಿ,
ರಬ್ಬರಿನ ಬೆಣೆಗಳು.
ಕೋಟಿನ ಜೇಬಲ್ಲಿ ಶ್ರುತಿಕವೆ,
ಮೈಶಾಖಕ್ಕೆ ಬೆಚ್ಚಗೆ.

ಎದುರಿಗೆ ಮೀನಿನ ಮುದುಕ.
ಸೀಟು ಖಾಲಿಯಿದ್ದರೂ
ತನ್ನ ಪೆಟ್ಟಿಗೆಯ ಮೇಲೇ ಕೂತಿದ್ದಾನೆ,
ಮಂಜುಗಡ್ಡೆ ಕೊರೆಯುವ ಬೈರಿಗೆಗೆ ಗೋಣಿ ಸುತ್ತಿ
ತೊಡೆಗೆ ಒರಗಿಸಿಕೊಂಡು.
"ಏನಾದರೂ ಸಿಕ್ಕಿತಾ?"
"ಹ್ಞೂಂ," ಅಂದ, "ನಾಲ್ಕು ತೂತು."

"ವಿಸ್ವಲ್ದಿಸ್, ಕಾಲು ಒಳಗೆಳೆದುಕೋ," ಎನ್ನುತ್ತ
ಟಿಕೆಟಿನ ಜಿಂತ್ರಾ ದಾಟಿಹೋಗುತ್ತಾಳೆ.
ಹಿಂತಿರುಗುವಾಗ ನನ್ನ ಕೈಗೊಂದು ಕಿತ್ತಳೆ, ಮಾತಿಲ್ಲದೆ.
ಸಿಪ್ಪೆಗೆ ಉಗುರು ತಾಗಿದ್ದೇ
ಇಡೀ ಬೋಗಿ ಒಮ್ಮೆ ತಲೆಯೆತ್ತಿತು.

ಹೊರಗೆ ಬರ್ಚ್ ಮರಗಳು,
ಬೇಲಿಯಿಲ್ಲದ ಮನೆಯೊಂದು, ಅದರ ಒಂದೇ ದೀಪ,
ಬ್ರೆಂಗುಳಿಯ ಹತ್ತಿರ ಅಬುಲ್ಸ್ ಹೊಳೆ
ಅರ್ಧ ಬಿಳಿ, ಅರ್ಧ ಕಪ್ಪು.
ಇನ್ನೂ ಮನಸ್ಸು ಮಾಡಿಲ್ಲ.

ಸ್ಕೈದ್ರಿತೆ ಮೇಡಂ ಬಾಗಿಲಲ್ಲೇ ನಿಂತು ಕೇಳಿದ್ದರು,
"ಹೇಗಿದೆ?"
ಡಾಕ್ಟರನ್ನು ಕೇಳುವ ಹಾಗೆ, ಸಣ್ಣ ದನಿಯಲ್ಲಿ.
ಒಳಗಿನ ಹಲಗೆ ಬಿರುಕು ಬಿಟ್ಟಿದೆ.
ಶಾಲೆಯಲ್ಲಿ ಒಲೆ ಉರಿದಷ್ಟೂ ಮರ ಒಣಗಿ
ಗೂಟಗಳು ಹಾಲುಹಲ್ಲಿನ ಹಾಗೆ ಅಲ್ಲಾಡುತ್ತವೆ.
ಎಳೆದು ನಿಲ್ಲಿಸಿದ ಸ್ವರ
ನಾನು ಮೇಲಿನ ಸಪ್ತಕಕ್ಕೆ ಹೋಗಿಬರುವಷ್ಟರಲ್ಲಿ
ಕೂದಲೆಳೆಯಷ್ಟು ಜಾರಿತ್ತು.

ಹೇಳಬೇಕಿತ್ತು.
ಅವರ ಹಿಂದೆ ಬರೀ ಕಾಲುಚೀಲದಲ್ಲಿ ನಿಂತ ಹುಡುಗಿ
ಎರಡೂ ಕೈ ಕಂಕುಳಲ್ಲಿಟ್ಟು
ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿತ್ತು, ನುಡಿಸಲಿಕ್ಕೆ.
"ಈ ಚಳಿಗಾಲ ತಾಳುತ್ತೆ," ಅಂದೆ.
ಕಾಫಿ ಕೊಟ್ಟರು, ಕರಿಬ್ರೆಡ್ಡು ಕೊಟ್ಟರು.
ಲಕೋಟೆಯಲ್ಲಿ ನೋಟಿನ ಜೊತೆ ಚಿಲ್ಲರೆಯೂ ಇತ್ತು.
ಎಣಿಸಲಿಲ್ಲ.

ವಾಲ್ಮಿಯೆರಾ ದಾಟಿ ಗಾಡಿ ನಿಂತುಬಿಟ್ಟಿತು,
ಎದುರಿನಿಂದ ಗೂಡ್ಸ್ ಬರಬೇಕಂತೆ.
ಇಂಜಿನ್ನೂ ಸುಮ್ಮನಾದ ಮೇಲೆ
ಎಂಥ ನಿಶ್ಶಬ್ದವೆಂದರೆ, ಸುಮ್ಮನೆ, ಕೈಯ ಚಪಲಕ್ಕೆ
ಶ್ರುತಿಕವೆಯನ್ನು ಮಂಡಿಗೆ ಬಡಿದು
ಕಿಟಕಿಯ ಗಾಜಿಗೆ ಊರಿದೆ.
ಗಾಜು ಹಾಡಿತು, ಕತ್ತಲು ಹತ್ತಿದ ಇಡೀ ಗಾಜು.

"ಏನದು?"
"ಇದು ಸರಿಯಾದ ಸ್ವರ."
"ಯಾರ ಲೆಕ್ಕದಲ್ಲಿ?" ಅಂದು, ಟೋಪಿ ಸರಿಸಿ ತೋರಿಸಿದ,
"ಈ ಕಿವಿ ಸತ್ತು ಹನ್ನೊಂದು ವರ್ಷ."
ಮತ್ತೆ ಬಡಿದೆ. ಕಿವಿಯ ಹಿಂದಿನ ಮೂಳೆಗೆ
ಮೆಲ್ಲಗೆ ಕವೆಯ ಕಾಲಿಟ್ಟೆ.

ಬಹಳ ಹೊತ್ತು ಅಲುಗಲಿಲ್ಲ ಮುದುಕ.
ಸ್ವರ ಮುಗಿದ ಮೇಲೂ.
ಆಮೇಲೆ, "ಸರೋವರ ಗಡ್ಡೆಕಟ್ಟುವ ರಾತ್ರಿ
ಕೆಳಗಿನಿಂದ ಹೀಗೇ ಬರೋದು.
ಹೊಸಬರು ಹೆದರಿ ದಡಕ್ಕೆ ಓಡ್ತಾರೆ.
ಹಾಡುವ ಗಡ್ಡೆ ಭಾರ ಹೊರುತ್ತೆ ಕಣಮ್ಮ,
ಮೂಕವಾದದ್ದು ಮೋಸ."

ಎಷ್ಟು ನಿಜವೋ. ಮೀನಿನವರ ಮಾತು.
ಗೂಡ್ಸ್ ಬಂತು. ಐವತ್ತೆರಡು ಟ್ಯಾಂಕರು ಎಣಿಸಿದೆವು,
ಅವನ ಲೆಕ್ಕದಲ್ಲಿ ಐವತ್ತಮೂರು.

ತ್ಸೇಸಿಸ್‌ನಲ್ಲಿ ಅವನು ಇಳಿದ.
ಚೀಲ ಸರಿಪಡಿಸಲು ಹೋಗಿ ನೋಡುತ್ತೇನೆ, ಬೆಣೆಗಳು ಆರೇ.
ಏಳನೆಯದು ಅಲ್ಲೇ ಉಳಿದಿದೆ,
ಎರಡು ತಂತಿಗಳ ನಡುವೆ ಸಿಕ್ಕಿಕೊಂಡು.

ಈ ಹೊತ್ತಿಗೆ ಹುಡುಗಿ ನುಡಿಸುತ್ತಿರಬೇಕು.
ಒಂದು ಮನೆ ಒತ್ತಿದಾಗ ಮಾತ್ರ
ಹಿಮದಲ್ಲಿ ಹೆಜ್ಜೆಯಿಟ್ಟ ಹಾಗೆ
ಧಪ್ ಅನ್ನುತ್ತದೆ.
ಒತ್ತಿ ನೋಡಿ, ಮತ್ತೆ ಒತ್ತಿ ನೋಡಿ
ನಗುತ್ತಿರಬಹುದು.

ಶನಿವಾರ ಇದೇ ಗಾಡಿಗೆ ಹೋಗಬೇಕು.
ಬೆಣೆ ತರಲಿಕ್ಕೆ.