ಹನಿ ಇಂಗುವ ಹೊತ್ತು

ಸುಟ್ಟ ನೀಲಗಿರಿ ತೋಪಿನ ಇಳಿಜಾರು.
ಬೂದಿ ಕೆರೆದು, ಮೊಣಕಾಲೂರಿ, ಒಂದು ಹನಿ ಬಿಟ್ಟೆ.
ಇಳಿಯಲಿಲ್ಲ.
ಮಣ್ಣಿನ ಮೇಲೆ ದುಂಡಗೆ ಕೂತು
ಪೋರ್ಚುಗಲ್ಲಿನ ಆಕಾಶವನ್ನೆಲ್ಲ ತಲೆಕೆಳಗಾಗಿ ತೋರಿಸಿತು.

ನಾನು ಗಡಿಯಾರ ನೋಡುತ್ತಿದ್ದೆ, ದೆಲ್ಫೀನಾ ನನ್ನನ್ನು.
"ಇಷ್ಟು ಒಣಗಿದೆ, ನೀರು ಬೇಡವಂತೆಯೇ?"
ಎಲೆಯೊಳಗಿನ ಮೇಣ ಉರಿಗೆ ಆವಿಯಾಗಿ,
ಎರಡು ಬೆರಳು ಆಳಕ್ಕಿಳಿದು, ತಣಿದು,
ಕಣಕಣಕ್ಕೂ ಸವರಿಕೊಂಡಿದೆ ಅಂದೆ.
"ನನ್ನ ಬಾಣಲೆಯ ಹಾಗೆ," ಅಂದಳು.
"ಎಣ್ಣೆ ಕುಡಿದು ಕುಡಿದು ಏನೂ ಅಂಟದು."
ವರದಿಯಲ್ಲಿ ನಾನು ಇದಕ್ಕೆ ಎರಡು ಪುಟ ಬರೆದಿದ್ದೆ.

ಮುನ್ನೂರ ಹತ್ತು ಸೆಕೆಂಡು.
ಹನಿ ಇನ್ನೂ ಹೊಸ್ತಿಲಲ್ಲೇ,
ಒಳಗೆ ಕರೆಯದ ನೆಂಟನಂತೆ.

ಅಕ್ಟೋಬರಿನಲ್ಲಿ ಮಳೆ ಬಂದರೆ
ಗುಡ್ಡ ಒಂದು ಗುಟುಕೂ ಕುಡಿಯುವುದಿಲ್ಲ.
ಬೂದಿ ಬಾಚಿಕೊಂಡು, ಮೇಲ್ಮಣ್ಣು ಬಾಚಿಕೊಂಡು
ನೀರು ಓಡುತ್ತದೆ ಅನ್ಸೆಲ್ಮುವಿನ ಗಿರಣಿಗೆ,
ಅವನ ಮೊಣಕಾಲಿಗೆ, ಮೊಂದೇಗು ನದಿಗೆ.
ಕೆಳಗಿನ ಬುಗ್ಗೆ ಮಾತ್ರ ಬತ್ತಿಯೇ ಇರುತ್ತದೆ.

ಅವಳು ತೋಳು ಹಿಡಿದು ನಡೆಸಿದಳು
ಕಲ್ಲುಗೋಡೆಯಾಚೆ, ಉರಿ ಹೊಗದ ಓಕ್ ಮರದಡಿಗೆ.
"ದಾರಿಯ ಮೇಲಲ್ಲ. ಅದು ಕತ್ತೆ ತುಳಿದು ಹೆಂಚಾಗಿದೆ.
ಇತ್ತ ಬಾ, ಅದನ್ನು ಕಟ್ಟುತ್ತಿದ್ದ ಕಡೆ."
ನಲವತ್ತು ವರ್ಷದ ಲದ್ದಿ, ಕೊಳೆತೆಲೆ,
ಎರೆಹುಳ ಕೊರೆದ ಓಣಿಗಳು,
ಸತ್ತ ಬೇರು ಖಾಲಿ ಮಾಡಿ ಹೋದ ಕೊಳವೆಗಳು.
ಬೆರಳಿಟ್ಟರೆ ಬೆರಳೇ ಇಳಿಯುವ ಕಪ್ಪು.

ಹನಿ ಬಿಟ್ಟೆ.
ಗಡಿಯಾರದ ಗುಂಡಿ ಒತ್ತುವಷ್ಟರಲ್ಲಿ
ಹನಿ ಇರಲಿಲ್ಲ.
ಪುಸ್ತಕದಲ್ಲಿ ಸೊನ್ನೆ ಬರೆದೆ.

ದೆಲ್ಫೀನಾ ಕನ್ನಡಕ ಏರಿಸಿ ಓದಿದಳು,
ಮುಖ ಸಿಂಡರಿಸಿದಳು:
"ಕುಡಿಯದ ಗುಡ್ಡಕ್ಕೆ ಮುನ್ನೂರ ಹತ್ತು,
ಗಟಗಟ ಕುಡಿದ ನನ್ನ ಕತ್ತೆಯ ಜಾಗಕ್ಕೆ
ಸೊನ್ನೆಯೇ?"